ಗುಂಡು ಮೂತಿಗೆ ಮೂರೆಳೆ ವಿಭೂತಿ

ನಮ್ಮ ಭಾವ ಪಿಳ್ಳಣ್ಣನವರ ಬಗ್ಗೆ ಬರೆಯಿರಿ ಎಂದು ಯಾರೂ ನನ್ನನ್ನು ಕೇಳಿಕೊಂಡಿಲ್ಲ. ದೊಡ್ಡವರ ಬದುಕು ಬರೆಯುವುದಕ್ಕೆ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಯಶವಂತಪುರದ ಒಂದು ಶೆಡ್ಡಿನಲ್ಲಿ ಪಂಪು ನೋಡಿಕೊಂಡಿದ್ದವರ ಬದುಕಿಗೆ ನಾದಿನಿಯೇ ಗತಿ. ನಾದಿನಿ ಬರೆದರೆ ಹೊಗಳಿಕೆ ಕಮ್ಮಿ, ಗೇಲಿ ಜಾಸ್ತಿ. ಬೇಡವೆನ್ನುವವರು ಈಗಲೇ ಪುಟ ಮಗುಚಿಬಿಡಬಹುದು, ನನಗೇನೂ ಬೇಜಾರಿಲ್ಲ.

ಭಾವ ಗೊರಗುಂಟೆಪಾಳ್ಯದವರು. ಮನೆಗೆ ರಾಗಿ ಹೊಲ, ಒಂದು ಬಾವಿ, ಎರಡು ಜೊತೆ ಎತ್ತು. ಮಗ ನೇಗಿಲು ಹಿಡಿಯಲಿ ಎಂಬುದು ಅವರಪ್ಪ ಚಿಕ್ಕಹನುಮಯ್ಯನವರ ಆಸೆ. ಆದರೆ ಎತ್ತುಗಳು ಈ ಮಗನ ಮಾತಿಗೆ ಕವಡೆ ಕಿಮ್ಮತ್ತು ಕೊಡುತ್ತಿರಲಿಲ್ಲ. ಅವು ಎಡಕ್ಕೆ ಎಳೆದರೆ ಇವರೂ ಎಡಕ್ಕೆ, ಬಲಕ್ಕೆ ಎಳೆದರೆ ಇವರೂ ಬಲಕ್ಕೆ. ಉತ್ತ ಸಾಲು ನೋಡಿದರೆ ಯಾರೋ ಕುಡಿದು ನಡೆದ ಹಾಗಿರುತ್ತಿತ್ತಂತೆ. ಕೊನೆಗೆ ಅಪ್ಪನೇ ಬೇಸತ್ತು, ಐವತ್ತೊಂದರಲ್ಲೋ ಐವತ್ತೆರಡರಲ್ಲೋ, ಯಶವಂತಪುರದ ಹಿಟ್ಟಿನ ಗಿರಣಿಗೆ ಕರೆದುಕೊಂಡು ಹೋಗಿ ಬಿಟ್ಟುಬಂದರು. ಅಲ್ಲಿದ್ದ ಡೀಸೆಲ್ ಎಂಜಿನ್ನು ಮಾತ್ರ ಇವರ ಮಾತು ಕೇಳಿತು.

ಯಂತ್ರಗಳ ಜೊತೆ ಮಾತಾಡುವ ಚಾಳಿ ಭಾವನಿಗೆ ಹತ್ತಿದ್ದು ಅಲ್ಲೇ. ಎಂಜಿನ್ನು ಕೆಮ್ಮಿದರೆ, "ಯಾಕಪ್ಪಾ, ಇವತ್ತು ಮೈಗೆ ಉಸಾರಿಲ್ವಾ?" ಎಂದು ವಿಚಾರಿಸುತ್ತಿದ್ದರು. ಪ್ರತಿ ಶುಕ್ರವಾರ ಅದರ ನೆತ್ತಿ ಒರೆಸಿ, ಮುನೇಶ್ವರನ ಗುಡಿಯ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದು, ಊದುಬತ್ತಿ ತೋರಿಸಿ ಆಮೇಲೆ ಬೆಲ್ಟು ಏರಿಸುತ್ತಿದ್ದರು. ಆ ಕಡೆಯ ಗಿರಣಿಗಳಲ್ಲೆಲ್ಲ ಇದೇ ಪದ್ಧತಿ. ಪೂಜೆ ಮುಗಿಯುವ ತನಕ ರಾಗಿ ಡಬ್ಬ ಹಿಡಿದ ಹೆಂಗಸರು ಹೊರಗೆ ಕಾಯಬೇಕು, ಯಾರೂ ಗೊಣಗುತ್ತಿರಲಿಲ್ಲ.

ನಮ್ಮಕ್ಕ ಮುನಿಕೃಷ್ಣಮ್ಮನನ್ನು ನೋಡಲು ನಾಗಸಂದ್ರದ ನಮ್ಮ ಮನೆಗೆ ಬಂದ ದಿನ ಇವರ ಕಿವಿಯ ಸಂದಿಯಲ್ಲಿ ಇನ್ನೂ ಹಿಟ್ಟಿತ್ತು. ನಾನಾಗ ಲಂಗದ ಹುಡುಗಿ, ಬಾಯಿ ಸುಮ್ಮನಿರಬೇಕಲ್ಲ. "ಗಂಡಿಗೆ ಕಿವಿ ನರೆತಿದೆ" ಎಂದುಬಿಟ್ಟೆ. ಎಲ್ಲರೂ ನನ್ನನ್ನು ಕಣ್ಣಲ್ಲೇ ಸುಟ್ಟರು. ಭಾವ ಮಾತ್ರ ಕಿವಿಯಿಂದ ಹಿಟ್ಟು ತೆಗೆದು, ಮೂಸಿ ನೋಡಿ, "ಜೋಳದ್ದು" ಅಂದರು. ಅಕ್ಕ ಆ ಕ್ಷಣಕ್ಕೇ ಒಪ್ಪಿದ್ದು, ಬೇರೆ ಯಾವ ಕಾರಣಕ್ಕೂ ಅಲ್ಲ.

ಅರವತ್ತರ ಸುಮಾರಿಗೆ ರೈಲ್ವೆ ಗೇಟಿನಾಚೆ, ಮತ್ತಿಕೆರೆಗೆ ಹೋಗುವ ದಾರಿಯಲ್ಲಿ ಸಂಶೋಧನೆಗೆಂದು ಒಂದು ದೊಡ್ಡ ಶೆಡ್ಡು ಎದ್ದಿತು. ಯಾರದು, ಎಂಥದ್ದು ಎಂದು ಕೇಳಬೇಡಿ. ಅದು ಈಗ ಇಲ್ಲ, ಇದ್ದಾಗಲೂ ಹೊರಗೆ ಬೋರ್ಡು ಇರಲಿಲ್ಲ. ಪಂಪು ಗೊತ್ತಿರುವ ಮೆಕ್ಯಾನಿಕ್ ಬೇಕೆಂದು ಗಿರಣಿಗೆ ಹೇಳಿಕಳಿಸಿದರು, ಭಾವ ಹೋದರು. ನಾನು ಟೀಚರ್ ಟ್ರೈನಿಂಗ್ ಮುಗಿಸಿ ಯಶವಂತಪುರದ ಸ್ಕೂಲಿಗೆ ಸೇರಿ, ಅಕ್ಕನ ಮನೆಯಲ್ಲೇ ಉಳಿದದ್ದೂ ಆ ಕಾಲದಲ್ಲೇ.

ಆ ಶೆಡ್ಡಿನಲ್ಲಿದ್ದದ್ದು ಮುಖ್ಯವಾಗಿ ಒಂದು ಉಕ್ಕಿನ ಕೊಳವೆ. ಈ ಗೋಡೆಯಿಂದ ಆ ಗೋಡೆಯವರೆಗೆ ಮಲಗಿತ್ತು. ನಡುವೆ ಒಂದು ಅಲ್ಯೂಮಿನಿಯಂ ತಗಡು. ತಗಡಿನ ಈ ಕಡೆ ಅನಿಲವನ್ನು ಒತ್ತಿ ಒತ್ತಿ ತುಂಬುವುದು, ಆ ಕಡೆ ಪಂಪಿನಿಂದ ಗಾಳಿ ಹೀರಿ ಒಂಚೂರು ಮಾತ್ರ ಉಳಿಸುವುದು. ಒತ್ತಡ ತಡೆಯಲಾರದೆ ತಗಡು ಹರಿಯುತ್ತಲೇ ಢಂ. ಆ ಏಟು ಕೊಳವೆಯುದ್ದಕ್ಕೂ ಓಡಿ ತುದಿಯಲ್ಲಿರುವ ಮಾಡೆಲ್ಲಿಗೆ ಹೊಡೆಯುತ್ತಿತ್ತು. ಮಾಡೆಲ್ಲು ಅಂದರೆ ನಿಂಬೆಹಣ್ಣಿನ ಗಾತ್ರದ ಉಕ್ಕಿನ ಗುಂಡು ಮೂತಿ. ಅದರ ಸದ್ದಿಗೆ ನನ್ನ ಕ್ಲಾಸಿನ ಮಕ್ಕಳು ಮಗ್ಗಿ ಮರೆಯುತ್ತಿದ್ದರು, ಅಕ್ಕನ ಕೋಳಿಗಳು ಎರಡು ದಿನ ಮೊಟ್ಟೆ ಇಡುತ್ತಿರಲಿಲ್ಲ. ಅಕ್ಕ ಗಂಡನಿಗೆ ಹಾಕುತ್ತಿದ್ದ ಶಾಪ ಕೇಳಿದರೆ ಆ ಕೊಳವೆಯೇ ಬಾಗಬೇಕಿತ್ತು.

ಇದೆಲ್ಲ ಯಾತಕ್ಕೆ ಎಂದು ನಮಗೆ ಬಿಡಿಸಿ ಹೇಳಿದವಳು ನಸೀಮಾ. ಯಲಹಂಕದ ಹುಡುಗಿ, ಅಪ್ಪ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರು. ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆಂದು ಈ ಶೆಡ್ಡಿಗೆ ಸೇರಿದ್ದಳು. ಬೆಳಿಗ್ಗೆ ಯಲಹಂಕದ ಗಾಡಿಯಲ್ಲಿ ಬಂದು ಸಂಜೆಯ ಗಾಡಿಯಲ್ಲಿ ವಾಪಸು. ಗಾಡಿ ತಡವಾದ ದಿನ ನಮ್ಮ ಮನೆಯ ಜಗಲಿಯೇ ಅವಳ ವೇಟಿಂಗ್ ರೂಮು. ನನ್ನ ವಯಸ್ಸಿನವಳೇ, ಆದರೆ ನನ್ನಷ್ಟು ಬಾಯಿ ಇಲ್ಲ. ಅಕ್ಕನ ಅವರೆಕಾಳು ಉಪ್ಪಿಟ್ಟಿಗೆ ಮಾತ್ರ ನಾಚಿಕೆಯಿಲ್ಲದೆ ಎರಡನೇ ಸಲ ತಟ್ಟೆ ಒಡ್ಡುತ್ತಿದ್ದಳು.

"ಅಲ್ಲಮ್ಮಾ ನಸೀಮಮ್ಮ," ಎಂದು ಒಂದು ಸಂಜೆ ಭಾವ ಶುರು ಮಾಡಿದರು, "ಇಷ್ಟು ವರ್ಸದಿಂದ ಢಂ ಅನ್ನಿಸ್ತಾ ಇವ್ನಿ. ಯಾಕೆ ಅಂತ ಯಾರೂ ಏಳ್ಲಿಲ್ಲ."

ನಸೀಮಾ ತಟ್ಟೆ ಕೆಳಗಿಟ್ಟಳು. "ಮೇಲಿಂದ ನೌಕೆ ವಾಪಸ್ ಬರುತ್ತಲ್ಲ ಪಿಳ್ಳಣ್ಣೋರೇ, ಅದರ ವೇಗಕ್ಕೆ ಎದುರಿಗಿರೋ ಗಾಳಿಗೆ ಪಕ್ಕಕ್ಕೆ ಸರಿಯೋಕೂ ಟೈಮ್ ಸಿಗಲ್ಲ. ಜಜ್ಜಿಹೋಗಿ ಸಾವಿರಾರು ಡಿಗ್ರಿ ಕಾದುಬಿಡುತ್ತೆ. ಅಷ್ಟು ಕಾದ್ರೆ ಅದರ ಕಣಗಳೇ ಒಡೆದುಹೋಗಿ, ಗಾಳಿಯೊಳಗೇ ಕರೆಂಟ್ ಹರಿಯೋಕೆ ಶುರುವಾಗುತ್ತೆ, ತಂತೀಲಿ ಹರಿಯೋ ಥರ. ಹೊಳೆಯೋ ಆ ಗಾಳಿ ನೌಕೆ ಸುತ್ತ ಕಂಬಳಿ ಥರ ಹೊದ್ಕೊಂಡ್ಬಿಡುತ್ತೆ. ರೇಡಿಯೋ ಅದನ್ನ ದಾಟಲ್ಲ."

"ಅಂಗಾದ್ರೆ ಒಳಗೆ ಕುಂತಿರೋನು?"

"ಅವನು ಕೂಗಿದ್ರೂ ಕೆಳಗೆ ಕೇಳ್ಸಲ್ಲ. ಸ್ವಲ್ಪ ಹೊತ್ತು, ಬದುಕಿದಾನೋ ಇಲ್ವೋ ಯಾರಿಗೂ ತಿಳಿಯಲ್ಲ. ಆ ಗಾಳಿ ಎಷ್ಟು ಕರೆಂಟ್ ಹರಿಸುತ್ತೆ ಅಂತ ಗೊತ್ತಾದ್ರೆ ಆ ಮೌನ ಎಷ್ಟು ಹೊತ್ತು ಅಂತ ಲೆಕ್ಕ ಹಾಕ್ಬಹುದು. ನಮ್ಮ ಕೊಳವೇಲಿ ಆ ಗಾಳೀನ ಒಂದು ಕಣ್ಣುಮಿಟುಕಿನಷ್ಟು ಹೊತ್ತು ಮಾಡಿ ನಾನು ಅಳೀತಿರೋದು ಅದನ್ನೇ."

ಒಳಗಿಂದ ಅಕ್ಕ ಸೌಟು ಹಿಡಿದೇ ಬಾಗಿಲಿಗೆ ಬಂದಳು. "ಅವನ ಎಂಡ್ತಿ ಗತಿಯೇನು ಆ ವೊತ್ತಲ್ಲಿ? ಇದನ್ನ ಮೊದಲೇ ಏಳಿದ್ರೆ ನಾನು ಇವರನ್ನ ಅಷ್ಟು ಬೈತಿರ್ಲಿಲ್ಲ." ಅಂದಿನಿಂದ ಢಂ ಎಂದರೆ ಅಕ್ಕ ಶಾಪ ಹಾಕುವುದನ್ನು ಬಿಟ್ಟಳು. ಕೋಳಿಗಳಿಗೆ ಮಾತ್ರ ಯಾರೂ ತಿಳಿಸಿ ಹೇಳಲಿಲ್ಲ.

ಅರವತ್ತಾರರ ಆಯುಧಪೂಜೆ ಬಂತು. ಶೆಡ್ಡಿನ ಲೇತಿಗೆ, ಪಂಪಿಗೆ, ಸಿಲಿಂಡರುಗಳಿಗೆ, ಕೊನೆಗೆ ಗೋಡೆ ಗಡಿಯಾರಕ್ಕೂ ಕುಂಕುಮ ಬಿತ್ತು, ಬಾಳೆಕಂದು ಕಟ್ಟಿದ್ದಾಯಿತು, ಕುಂಬಳಕಾಯಿ ಒಡೆದದ್ದಾಯಿತು. ನಸೀಮಾ ಅಂದಿನ ಮಾಡೆಲ್ಲನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಕೊಳವೆಯ ತುದಿಯಲ್ಲಿ ಕೂರಿಸಿ, ಕಡ್ಲೆಪುರಿ ಪೊಟ್ಟಣ ಹಿಡಿದು ಗಾಡಿಗೆ ಹೋದಳು. ಕೊಳವೆಯ ಬಾಯಿ ಮುಚ್ಚಿ ಪಂಪು ಹಾಕುವುದು ಭಾವನ ಕೆಲಸ. ಮುಚ್ಚಲು ಹೋದವರಿಗೆ ಆ ಗುಂಡು ಮೂತಿ ಬೋಳಾಗಿ ಕಾಣಿಸಿತು. ಗಡಿಯಾರಕ್ಕೆ ಬೊಟ್ಟಿಟ್ಟು, ಏಟು ತಿನ್ನುವ ಪ್ರಾಣಿಗೆ ಇಡದಿದ್ದರೆ ಹೇಗೆ? ಜೇಬಿನಲ್ಲಿ ಮುನೇಶ್ವರನ ವಿಭೂತಿ ಇದ್ದೇ ಇತ್ತು. ಮೂರೆಳೆ ಎಳೆದು, "ತಡ್ಕಳಪ್ಪಾ" ಎಂದು ಹೇಳಿ ಕೊಳವೆಯ ಬಾಯಿ ಮುಚ್ಚಿದರು.

ರಜೆ ಮುಗಿದ ಮೇಲಿನ ಮೊದಲ ಢಂ. ಪರದೆಯ ಮೇಲೆ ಕರೆಂಟು ತೋರಿಸುವ ಹಸಿರು ಗೆರೆ ಹಿಂದೆಂದೂ ಏರದಷ್ಟು ಎತ್ತರ ಏರಿತು. ನಸೀಮಾ ಕುಣಿಯುವುದೊಂದು ಬಾಕಿ. ಮುಖ್ಯಸ್ಥರಾದ ವೆಂಕಟರಾಮಯ್ಯನವರು, ಎರಡು ವರ್ಷದಿಂದ ಹಲ್ಲು ತೋರಿಸದಿದ್ದವರು, ಅಂದು ತೋರಿಸಿದರು. ಆದರೆ ಮರುದಿನ ಗೆರೆ ಇಳಿಯಿತು, ಅದರ ಮರುದಿನ ಇನ್ನೂ ಇಳಿಯಿತು. ಹುಡುಗಿಯ ಮುಖ ಇಷ್ಟು ಚಿಕ್ಕದಾಯಿತು. ಭಾವನಿಗೆ ಕಾರಣ ಸ್ಪಷ್ಟವಾಗಿತ್ತು: ಪೂಜೆ ಆದಾಗ ಏರಿತು, ಪೂಜೆ ನಿಂತಿತು, ಇಳಿಯಿತು. ಇದಕ್ಕೆ ಎಂ.ಎಸ್ಸಿ. ಏನೂ ಬೇಡ.

ಶನಿವಾರ ಅರ್ಧ ದಿನ. ಬೆಳಿಗ್ಗೆಯೇ ಢಂ ಅನ್ನಿಸಬೇಕಾದ್ದರಿಂದ ಶುಕ್ರವಾರ ಸಂಜೆಯೇ ಮಾಡೆಲ್ಲು ಕೂರಿಸಿ ರಾತ್ರಿಯಿಡೀ ಪಂಪು ಓಡಲು ಬಿಡುತ್ತಿದ್ದರು. ಶುಕ್ರವಾರ ಅಂದರೆ ಭಾವನಿಗೆ ಗಿರಣಿಯ ಎಂಜಿನ್ನಿನ ವಾರ. ನಸೀಮಾ ಗಾಡಿಗೆ ಹೊರಟ ಮೇಲೆ, ಬಾಯಿ ಮುಚ್ಚುವ ಮುಂಚೆ, ಮೂರೆಳೆ. ಒಂದು ಶುಕ್ರವಾರವೂ ತಪ್ಪಿಸಲಿಲ್ಲ. ಢಂ ಆದ ಮೇಲೆ ಕೊಳವೆಯೊಳಗೆಲ್ಲ ಮಸಿ, ತಗಡಿನ ಚೂರು. ವಿಭೂತಿಯ ಗುರುತು ಎಲ್ಲಿ ಉಳಿದೀತು? ಅವಳಿಗೆ ಹೇಳಲೂ ಇಲ್ಲ. ಅವಳ ಸಾಮಾನಿಗೆ ತಮ್ಮ ದೇವರ ಬೂದಿ ಇಟ್ಟೆ ಎಂದರೆ ಆ ಹುಡುಗಿ ನೊಂದುಕೊಂಡಾಳು ಎಂದು ಇವರಿಗೆ ಹಿಂಜರಿಕೆ.

ಶನಿವಾರಗಳ ಗೆರೆ ಮಾತ್ರ ಏಕೆ ಎತ್ತರ ಎಂದು ನಸೀಮಾ ತಲೆ ಕೆಡಿಸಿಕೊಂಡಳು. ಕೊನೆಗೆ ಅವಳಿಗೂ ಒಂದು ಕಾರಣ ಹೊಳೆಯಿತು, ಅದೂ ಸ್ಪಷ್ಟವಾಗಿಯೇ ಇತ್ತು. ರಾತ್ರಿಯಿಡೀ ಪಂಪು ಓಡಿದ್ದರಿಂದ ಶನಿವಾರ ಕೊಳವೆ ಪೂರ್ತಿ ಶುದ್ಧ. ಮಿಕ್ಕ ದಿನ ಎಲ್ಲೋ ಗಾಳಿ ಸೋರಿ ಕಲಬೆರಕೆ. ಆದ್ದರಿಂದ ಶನಿವಾರದ್ದೇ ನಿಜ, ಮಿಕ್ಕಿದ್ದು ಕಸ. ವೆಂಕಟರಾಮಯ್ಯನವರೂ ತಲೆಯಾಡಿಸಿದರು. ವಾರದ ಐದು ದಿನದ ಅಳತೆಯನ್ನು ಬದಿಗಿಟ್ಟು, ಶನಿವಾರಗಳನ್ನು ಹಿಡಿದುಕೊಂಡು ಅವಳು ಪ್ರಬಂಧ ಬರೆದಳು. ಹೊರದೇಶದವರ ಲೆಕ್ಕಕ್ಕಿಂತ ಈ ಗಾಳಿ ಎಷ್ಟೋ ಪಾಲು ಹೆಚ್ಚು ಕರೆಂಟು ಹರಿಸುತ್ತದೆ ಎಂದು ಅದರ ಸಾರಾಂಶ. ಬೊಂಬಾಯಿಯ ದೊಡ್ಡ ಸಮ್ಮೇಳನದಲ್ಲಿ ಓದಲು ಕರೆ ಬಂತು. ಯಲಹಂಕದಲ್ಲಿ ಅವಳಪ್ಪ ಬೀದಿಗೆಲ್ಲ ಸಿಹಿ ಹಂಚಿದರು. ನಮ್ಮ ಮನೆಗೂ ಒಂದು ಡಬ್ಬ ಬಂತು, ಅರ್ಧ ನಾನೇ ತಿಂದೆ.

ಹೊರಡುವುದಕ್ಕೆ ಎರಡು ದಿನ ಮುಂಚೆ ಅವಳು ಭಾವನನ್ನು ಮೇಜಿನ ಹತ್ತಿರ ಕರೆದು ಪ್ರಬಂಧದ ಕೊನೆಯ ಸಾಲು ತೋರಿಸಿದಳು. ಅಲ್ಲಿ ಇವರ ಹೆಸರಿತ್ತು, ಕೃತಜ್ಞತೆ ಎಂದು. "ನಿಮ್ಮ ಪಂಪಿಂದಾನೇ ಇದಾಗಿದ್ದು, ಪಿಳ್ಳಣ್ಣೋರೇ. ಬೆರಳಿನ ಬೆವರು ತಗುಲಿದ್ರೂ ಅದರ ಉಪ್ಪಿಗೆ ಗಾಳೀಲಿ ಕರೆಂಟ್ ಸುಳ್ಳುಸುಳ್ಳೇ ಜಾಸ್ತಿ ಆಗ್ಬಿಡುತ್ತೆ. ಅದಕ್ಕೇ ನಾನು ಅಷ್ಟು ಒರೆಸೋದು. ಅಲ್ಲಿ ಯಾರಾದ್ರೂ ಕೇಳಿದ್ರೆ ಎದೆ ತಟ್ಟಿ ಹೇಳ್ತೀನಿ, ನನ್ನ ಮಾಡೆಲ್ ಮೇಲೆ ಒಂದು ಚೂರು ಧೂಳೂ ಇರ್ಲಿಲ್ಲ ಅಂತ."

ಅಂದು ಭಾವ ಮನೆಗೆ ಬಂದವರು ಕಾಲು ತೊಳೆಯಲಿಲ್ಲ, ಮುದ್ದೆ ಮುಟ್ಟಲಿಲ್ಲ. ಕಂಬಕ್ಕೆ ಒರಗಿ ಕೂತರು. ಅಕ್ಕ ಹಣೆ ಮುಟ್ಟಿ ನೋಡಿದಳು. ಆಮೇಲೆ ಒಂದೊಂದೇ ಮಾತು ಹೊರಗೆ ಬಂತು, ಆಯುಧಪೂಜೆಯಿಂದ ಹಿಡಿದು ಮೊನ್ನೆಯ ಶುಕ್ರವಾರದ ತನಕ.

ನನಗೆ ಮೈಯೆಲ್ಲ ಉರಿದುಹೋಯಿತು. "ಭಾವ, ನಿಮಗೆ ಬುದ್ಧಿ ಇದೆಯಾ?" ಅಂದೆ.

"ಇದ್ದಿದ್ರೆ ಇಂಗಾಯ್ತಿತ್ತಾ?" ಅಂದರು.

ಅಕ್ಕ ಮೊದಲು ಬಾಗಿಲು ಹಾಕಿದಳು. "ಯಾರ್ ನೋಡವ್ರೆ? ಸುಮ್ಕಿರಿ. ಅನುಮಯ್ಯನ್ನ ಏನ್ ಮಾಡಿದ್ರು ಮರ್ತೋಯ್ತಾ?" ಹನುಮಯ್ಯ ಭಾವನ ಜೊತೆಗಾರ, ಕೊಳವೆಯೊಳಗೆ ಒರೆಸುವ ಬಟ್ಟೆ ಮರೆತು ಬಿಟ್ಟದ್ದಕ್ಕೆ ವೆಂಕಟರಾಮಯ್ಯನವರು ಅವನನ್ನು ಆ ಸಂಜೆಯೇ ಮನೆಗೆ ಕಳಿಸಿದ್ದರು. ಅವನದು ಮರೆವು. ಇವರದು ವಾರವಾರ ಬೇಕೆಂದೇ ಮಾಡಿದ ಕೆಲಸ. ಕೆಲಸ ಹೋದರೆ ಮತ್ತೆ ಗಿರಣಿ, ಗಿರಣಿಯಲ್ಲಿ ಆಗಲೇ ಬೇರೆಯವನಿದ್ದ. ಅಕ್ಕನ ಭಯ ಸುಳ್ಳಲ್ಲ.

"ಆ ಮಗು ನಾಕು ಜನ ದೊಡ್ಡೋರ ಮುಂದೆ ನಿಂತ್ಕಂಡು, ಗಾಳಿ ಲೆಕ್ಕ ಅಂತ ನನ್ನ ಬೂದಿ ಲೆಕ್ಕ ಓದ್ತದೆ ಕಣೇ," ಅಂದರು ಭಾವ. "ಎದೆ ತಟ್ಕಂಡು ಓದ್ತದೆ. ನಾಳೆ ಇನ್ಯಾವನೋ ಅದೇ ಮಾಡಿ ನೋಡಿ, ಸುಳ್ಳು ಅಂದ್ರೆ ಎಲ್ಲಿಗೋಗದು ಅದು?"

ಅಕ್ಕ ಒಳಗೆ ಹೋದಳು. ತಣ್ಣಗಾದ ಸಾರನ್ನು ಬಿಸಿಮಾಡಿ ತಂದು ಮುಂದಿಟ್ಟಳು. ಭಾವ ಅದನ್ನೂ ಮುಟ್ಟಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಗಡ್ಡ ಬೋಳಿಸಿ, ಮದುವೆಮನೆಗಳಿಗೆ ಹಾಕುವ ಬಿಳಿ ಷರಟು ತೊಟ್ಟು ನಿಂತಿದ್ದಾರೆ. "ಎಲ್ಲಿಗೆ, ಹೆಣ್ಣು ನೋಡೋಕಾ?" ಎಂದು ಕೇಳಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನನ್ನ ಸ್ಕೂಲಿಗೂ ಸ್ಟೇಷನ್ನಿನ ದಾರಿಯೇ ಆದ್ದರಿಂದ ಜೊತೆಗೆ ಹೊರಟೆ. ಯಂತ್ರವನ್ನೂ ಮಾತಾಡಿಸುವ ಮನುಷ್ಯ ದಾರಿಯುದ್ದಕ್ಕೂ ಬಾಯಿ ಕಟ್ಟಿಕೊಂಡು ನಡೆಯುವುದನ್ನು ನೋಡಿ ನನ್ನ ಸಿಟ್ಟೆಲ್ಲ ಇಳಿದು ಅಳು ಬರುವ ಹಾಗಾಯಿತು.

ಯಲಹಂಕದ ಗಾಡಿ ಬಂತು. ನಸೀಮಾ ಇಳಿದಳು. ನಮ್ಮಿಬ್ಬರನ್ನೂ ನೋಡಿ, ಬೀಳ್ಕೊಡಲು ಒಂದು ದಿನ ಮುಂಚೆಯೇ ಬಂದರೆಂದು ನಗುತ್ತ ಬಂದಳು.

"ನಸೀಮಮ್ಮ, ಬೊಂಬಾಯಿಗೆ ಓಗ್ಬ್ಯಾಡಿ," ಅಂದರು ಭಾವ. ಆಮೇಲೆ ನೆಲ ನೋಡಿಕೊಂಡು ಎಲ್ಲವನ್ನೂ ಹೇಳಿದರು.

ಅವಳಿಗೆ ಮೊದಲು ಅರ್ಥವಾಗಲಿಲ್ಲ. "ಯಾವ ಶುಕ್ರವಾರ?"

"ಎಲ್ಲಾ ಶುಕ್ರವಾರಾನೂ."

"ನಾನು ಒರೆಸಿದ ಮೇಲೆ? ಮಾಡೆಲ್ ಮೇಲೇನೇ?"

"ಏಟು ತಿನ್ನೋದು ಅದೇ ಅಲ್ವಾ ಅಂತ... ನಿಮಗೆ ಒಳ್ಳೇದಾಗ್ಲಿ ಅಂತಾನೇ ಇಟ್ಟೆ ತಾಯಿ. ನಿಮ್ಮ ದೇವರು ಬೇರೆ, ಬೇಜಾರ್ ಮಾಡ್ಕಂತೀರೇನೋ ಅಂತ ಏಳ್ಲಿಲ್ಲ."

ನಸೀಮಾ ಚೀಲ ಕೆಳಗಿಟ್ಟಳು. "ನಾನೂ ಬಟನ್ ಒತ್ತೋ ಮುಂಚೆ ಪ್ರತಿಸಲ ಬಿಸ್ಮಿಲ್ಲಾ ಅಂತೀನಿ. ಬಾಯಲ್ಲಿ ಅಂತೀನಿ, ಪಿಳ್ಳಣ್ಣೋರೇ. ಮಾಡೆಲ್‌ಗೆ ಬಳಿಯಲ್ಲ."

ನನಗೆ ನಗು ಉಕ್ಕಿಬಂತು. ಅಷ್ಟರಲ್ಲಿ ಅವಳ ಕಣ್ಣು ನೋಡಿದೆ. ಅವಳು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, "ಆರು ತಿಂಗಳು," ಅಂದಳು. "ನಮ್ಮಪ್ಪ ಬೀದಿಗೆಲ್ಲ ಸಿಹಿ ಹಂಚಿದಾರೆ." ಗಾಡಿ ಹೊರಟುಹೋಯಿತು, ಜನ ಖಾಲಿಯಾದರು. ಭಾವ ಕೈಕಟ್ಟಿ ನಿಂತೇ ಇದ್ದರು. ಕೊನೆಗೆ ಅವಳು ಎದ್ದು ಶೆಡ್ಡಿನ ಕಡೆ ನಡೆದಳು. ಭಾವ ಅವಳ ಚೀಲ ಎತ್ತಿಕೊಳ್ಳಲು ಕೈ ಚಾಚಿದರು, ಅವಳು ಕೊಡಲಿಲ್ಲ.

ಆ ದಿನ ಕೊಳವೆಯ ಒಳಗನ್ನೂ ಮಾಡೆಲ್ಲನ್ನೂ ತಾನೇ ಒರೆಸಿ, ಕೊಳವೆಯ ಬಾಯಿಯನ್ನೂ ತಾನೇ ಮುಚ್ಚಿ, ರಾತ್ರಿಯೆಲ್ಲ ಪಂಪು ಓಡಿಸಿದಳು. ಬೆಳಿಗ್ಗೆ ಢಂ. ಅವಳ ಲೆಕ್ಕದಂತೆ ಏರಬೇಕಾಗಿದ್ದ ಗೆರೆ ಏರಲಿಲ್ಲ. ಕಸ ಎಂದು ಬದಿಗಿಟ್ಟಿದ್ದ ದಿನಗಳಿಗಿಂತಲೂ ಕೆಳಗೆ ಕೂತಿತು. ಆ ದಿನಗಳಲ್ಲೂ ಹಿಂದಿನ ಬೂದಿ ಕೊಳವೆಯೊಳಗೆ ಒಂಚೂರು ಉಳಿದಿರುತ್ತಿತ್ತು. ಆಮೇಲೆ ಭಾವನಿಂದ ವಿಭೂತಿ ಕೇಳಿ ತೆಗೆದುಕೊಂಡು ತನ್ನ ಕೈಯಲ್ಲೇ ಬಳಿದಳು. ಅಂದು ಸಂಜೆ ಬೊಂಬಾಯಿಗೆ ಹೋಗುವವರ ಗಾಡಿ ಯಶವಂತಪುರ ದಾಟುವ ಹೊತ್ತಿಗೆ ಎರಡನೇ ಢಂ ಕೇಳಿಸಿತು. ಗೆರೆ ಎಂದಿನ ಶನಿವಾರದ ಎತ್ತರಕ್ಕೇ ಹೋಯಿತು. ಸೌದೆಯ ಬೂದಿಯಲ್ಲಿ ಪಾತ್ರೆ ತಿಕ್ಕಿದಾಗ ಕೈ ಜಾರುತ್ತದಲ್ಲ, ವಿಭೂತಿಯಲ್ಲೂ ಇದ್ದ ಆ ಚೌಳುಪ್ಪಿನ ಅಂಶವೇ ಕಾದ ಗಾಳಿಗೆ ಬಿದ್ದು ಕರೆಂಟಿಗೆ ದಾರಿ ಮಾಡುತ್ತಿತ್ತಂತೆ. ಇದನ್ನು ನನಗೆ ಅವಳು ಹೇಳಿದ್ದು ಎಷ್ಟೋ ಕಾಲದ ಮೇಲೆ.

ಮರುದಿನ ವೆಂಕಟರಾಮಯ್ಯನವರ ಕೋಣೆಗೆ ಹೋಗಿ, ಪ್ರಬಂಧ ವಾಪಸು ತೆಗೆದುಕೊಳ್ಳಬೇಕು, ಮಾಡೆಲ್ಲಿನ ಮೇಲೆ ಬೂದಿ ಇತ್ತು ಅಂದಳು. ಯಾರಿಟ್ಟರು ಎಂದು ಅವರು ಕೇಳಿದರು.

"ಮಾಡೆಲ್ ನಂದು ಸಾರ್. ಬಾಯಿ ಮುಚ್ಚೋ ತನಕ ನಾನೇ ಇರ್ಬೇಕಿತ್ತು," ಅಂದಳು.

ಬಾಗಿಲಾಚೆ ನಿಂತಿದ್ದ ಭಾವನಿಗೆ ಅದು ಕೇಳಿಸಿತು. ಅಷ್ಟಕ್ಕೇ ಬಿಟ್ಟಿದ್ದರೆ ಕೆಲಸ ಉಳಿಯುತ್ತಿತ್ತು. ಇವರು ನೆಟ್ಟಗೆ ಒಳಗೆ ಹೋಗಿ, "ಇಟ್ಟೋನು ನಾನು ಸ್ವಾಮಿ, ಅವರ್ಗೆ ಗೊತ್ತೇ ಇರ್ಲಿಲ್ಲ," ಅಂದರು. ವೆಂಕಟರಾಮಯ್ಯನವರು ಕೂಗಾಡಿದ್ದು ಸಿಲಿಂಡರ್ ಗೋಡೌನಿನವರೆಗೂ ಕೇಳಿಸಿತಂತೆ. ಕೆಲಸದಿಂದ ತೆಗೆದೇಬಿಡುವವರಿದ್ದರು. ನಸೀಮಾ ಕೋಣೆಯಿಂದ ಕದಲದೆ ನಿಂತಿದ್ದಳಂತೆ, ಅದಕ್ಕೋ ಏನೋ ತೆಗೆಯಲಿಲ್ಲ. ಅದೇ ಗೋಡೌನಿಗೆ ಹಾಕಿದರು. ಕೊಳವೆಯ ಹತ್ತಿರ ಕಾಲಿಡಕೂಡದು ಎಂದು ಅಪ್ಪಣೆಯಾಯಿತು.

ಆಮೇಲಿನ ದಿನಗಳು ನಮ್ಮ ಮನೆಯಲ್ಲಿ ಚೆನ್ನಾಗಿರಲಿಲ್ಲ. ಸಂಬಳ ಅದೇ, ಕೆಲಸ ಹಗುರ, ಸಿಲಿಂಡರು ಉರುಳಿಸುವುದು, ಲಾರಿ ಬಂದರೆ ಇಳಿಸಿಕೊಳ್ಳುವುದು. ಆದರೆ ದೂರದಿಂದ ಢಂ ಕೇಳಿದಾಗಲೆಲ್ಲ ಭಾವ ಕೈಯಲ್ಲಿದ್ದದ್ದನ್ನು ಬಿಟ್ಟು ಆ ಕಡೆ ನೋಡುತ್ತಿದ್ದರು ಎಂದು ಜೊತೆಯವರು ಹೇಳುತ್ತಿದ್ದರು. ನಸೀಮಾ ನಮ್ಮ ಜಗಲಿಗೆ ಬರುವುದು ನಿಂತುಹೋಯಿತು. ಗಾಡಿ ತಡವಾದರೆ ಸ್ಟೇಷನ್ನಿನಲ್ಲೇ ಕೂರುತ್ತಿದ್ದಳು. ಅಕ್ಕ ಅವರೆಕಾಳಿನ ಕಾಲದಲ್ಲಿ ಎರಡು ಸಲ ಡಬ್ಬ ಕಟ್ಟಿ ನನ್ನ ಕೈಗೆ ಕೊಟ್ಟಳು. ನಸೀಮಾ ಡಬ್ಬ ಖಾಲಿಮಾಡಿ, ತೊಳೆದು ಕೊಟ್ಟಳು. "ಚೆನ್ನಾಗಿತ್ತು ಅಂತ ಹೇಳಿ," ಅಂದಳು. ಅವಳ 'ಹೇಳಿ' ಅಕ್ಕನಿಗೆ; ಭಾವನ ಹೆಸರು ಎತ್ತಲಿಲ್ಲ.

"ಬೈದಿದ್ರೆ ಚೆನ್ನಾಗಿತ್ತು," ಅಂದರು ಭಾವ. ಆ ಮನುಷ್ಯನಿಗೆ ಬೇಕಿದ್ದದ್ದು ಪಂಪೂ ಅಲ್ಲ, ಕೊಳವೆಯೂ ಅಲ್ಲ. ಆ ಹುಡುಗಿ ಮತ್ತೆ ಒಂದು ಸಲ "ಪಿಳ್ಳಣ್ಣೋರೇ" ಎಂದು ಕರೆದರೆ ಸಾಕಿತ್ತು. ನಮ್ಮ ಮುಂದೆ ಬಾಯಿಬಿಟ್ಟೇ ಹೇಳಿಕೊಂಡರು, ನಾಚಿಕೆಪಡಲಿಲ್ಲ.

ಅರವತ್ತೇಳರ ಆಯುಧಪೂಜೆಯಲ್ಲಿ ಶೆಡ್ಡಿನವರು ಎಂದಿನಂತೆ ಕುಂಕುಮದ ತಟ್ಟೆ ಹಿಡಿದು ಹೊರಟಾಗ ಭಾವ ಗೋಡೌನಿನಿಂದಲೇ ಕೂಗಿ ಕೂಗಿ ಹೇಳುತ್ತಿದ್ದರಂತೆ, "ಕೊಳವೆ ತಾವ ಓಗ್ಬ್ಯಾಡ್ರಪ್ಪಾ, ಕೈ ಮುಗೀತೀನಿ, ದೂರದಿಂದ ನಮಸ್ಕಾರ ಮಾಡ್ರಿ." ಪೂಜಾರಿಗೆ ಸಿಟ್ಟು ಬಂದು, ಈ ಮನುಷ್ಯ ಯಾವಾಗ ನಾಸ್ತಿಕನಾದ ಎಂದು ಕೇಳಿದನಂತೆ. ಊರಲ್ಲಿ ಆ ಸುದ್ದಿ ಹಬ್ಬಿ, ಮುನೇಶ್ವರನಿಗೆ ಎಡೆ ಒಯ್ದ ಅಕ್ಕನನ್ನು ನಾಲ್ಕು ಜನ ನಿಲ್ಲಿಸಿ ವಿಚಾರಿಸಿದರು. ಅಕ್ಕ ಅವರಿಗೆ ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಅರವತ್ತೆಂಟರ ಬೇಸಗೆಯಲ್ಲಿ ಮದರಾಸಿನಲ್ಲಿ ಮತ್ತೊಂದು ಸಮ್ಮೇಳನ. ನಸೀಮಾ ಅಷ್ಟು ದಿನ ಮತ್ತೆ ಮೊದಲಿನಿಂದ ಅಳೆದಿದ್ದಳು. ಕಡೆಯ ಒಂದಿಷ್ಟು ಅಳತೆ ಬಾಕಿ ಇರುವಾಗ ಪಂಪು ನೋಡಿಕೊಳ್ಳುತ್ತಿದ್ದ ಮುನಿವೆಂಕಟಯ್ಯ ಕಾಮಾಲೆ ಹಿಡಿದು ಮಲಗಿದ. ಬೇರೆಯವರನ್ನು ಹುಡುಕೋಣ ಎಂದು ವೆಂಕಟರಾಮಯ್ಯನವರು ಹೇಳಿದರೆ ಇವಳು ಪಿಳ್ಳಣ್ಣನವರು ಬೇಕು ಅಂದಳಂತೆ.

"ಆ ಮನುಷ್ಯನಾ? ಮತ್ತೆ?" ಅಂದರಂತೆ ಅವರು.

"ಮಾಡಿದ್ದನ್ನ ತಾವಾಗೇ ಬಂದು ಹೇಳೋರು ಇಲ್ಲಿ ಇನ್ನೊಬ್ಬರಿದ್ರೆ ಅವರನ್ನೇ ಕೊಡಿ ಸಾರ್," ಅಂದಳಂತೆ ಇವಳು. ಮುಖ್ಯಸ್ಥರಿಗೆ ಇನ್ನೊಬ್ಬರು ನೆನಪಾಗಲಿಲ್ಲ.

ಅಂದು ಸಂಜೆ ಭಾವ ಮನೆಗೆ ಬಂದು ಜಗಲಿಯ ಮೇಲೆ ಕೂತರು. ಬೆಳಿಗ್ಗೆ ಅವಳೇ ಗೋಡೌನಿಗೆ ಬಂದು "ಬನ್ನಿ ಪಿಳ್ಳಣ್ಣೋರೇ" ಎಂದು ಕರೆದದ್ದನ್ನು ಹೇಳಿದರು. ಕೊಳವೆಯ ಬೀಗದ ಕೈ ಅವಳ ಕೊರಳಲ್ಲೇ ಇತ್ತಂತೆ. ಆ ಗಲಾಟೆಯಾದ ಮೇಲೆ ಕೊಳವೆಯ ಬಾಯಿಗೆ ಬೀಗ ಹಾಕಿಸಿ, ಯಾರಿಗೂ ಮುಟ್ಟಲು ಬಿಡದೆ ಮಾಡೆಲ್ಲನ್ನು ತಾನೊಬ್ಬಳೇ ಒರೆಸುತ್ತಿದ್ದಳಂತೆ.

"ಆಮೇಲೆ?" ಅಂದಳು ಅಕ್ಕ.

"ಆಮೇಲೆ ಬೀಗ ತೆಗೆದ್ಲು. ಮಾಡೆಲ್ಲು, ಸ್ಪಿರಿಟ್ಟು, ಬಟ್ಟೆ, ಮೂರನ್ನೂ ನನ್ನ ಕೈಯಾಗೆ ಕೊಟ್ಲು. ಒರೆಸಿ, ಕೂರಿಸಿ, ಬಾಯಿ ಮುಚ್ಚಿ, ಅಂದ್ಲು." ಭಾವ ನನ್ನ ಕಡೆ ತಿರುಗಿ ಎರಡೂ ಅಂಗೈ ಚಾಚಿ ತೋರಿಸಿದರು. "ಕೊಟ್ಬುಟ್ಟು ಆ ತುದೀಗೆ ಓದ್ಲು ಕಣಮ್ಮ ಗಂಗೂ, ಗೆರೆ ನೋಡೋ ತಾವಕ್ಕೆ. ನಾನು ಒರೆಸೋ ಗಂಟ ಬೆನ್ನು ಆಕ್ಕಂಡೇ ಕುಂತಿದ್ಲು. ಒಂದ್ಸಲಾನೂ ತಿರುಗಿ ನೋಡ್ಲಿಲ್ಲ."